ಎಂಜಿನ್ ತಾಪದ ಅಂಕಿ ಮತ್ತು ರೇಡಿಯೇಟರ್ ಸಂದಿನ ಹುರುಳಿ ಹೊಟ್ಟು

ಡ್ಯಾಶ್‌ಬೋರ್ಡಿನ ತಾಪಮಾನದ ಮುಳ್ಳು ಸರಿಯಾಗಿ ನಡುವೆ ನಿಂತಿದ್ದರೆ ಎಂಜಿನ್‌ಗೆ ಯಾವ ತೊಂದರೆಯೂ ಇಲ್ಲವೆಂದು ನಂಬಿ ಗಾಡಿ ಓಡಿಸುವವರೇ ಹೆಚ್ಚು. ಆ ನಂಬಿಕೆ ಕೆಡದಿರಲೆಂದೇ ಮುಳ್ಳನ್ನು ಹಾಗೆ ನಿಲ್ಲಿಸಿರುತ್ತಾರೆ. ಅನೇಕ ಕಾರುಗಳಲ್ಲಿ ಕೂಲೆಂಟ್‌ನ (ಎಂಜಿನ್ ತಣ್ಣಗಿಡಲು ಅದರೊಳಗೆ ಹರಿಯುವ ದ್ರವದ) ತಾಪ ಸುಮಾರು 75ರಿಂದ 105 ಡಿಗ್ರಿ ಸೆಲ್ಸಿಯಸ್ ನಡುವೆ ಎಲ್ಲೇ ಇದ್ದರೂ ಮುಳ್ಳು ಅಲುಗಾಡುವುದಿಲ್ಲ. ಘಟ್ಟ ಹತ್ತುವಾಗ ಹತ್ತು ಡಿಗ್ರಿ ಏರುವುದು, ಇಳಿಯುವಾಗ ಮತ್ತೆ ತಗ್ಗುವುದು ಎಂಜಿನ್‌ಗೆ ಸಹಜವೇ ಆದರೂ, ಮುಳ್ಳು ಹಾಗೆ ಏರಿಳಿಯುವುದನ್ನು ಕಂಡ ಮಾಲೀಕರು ಗಾಬರಿಯಾಗಿ ದೂರು ಹೊತ್ತು ಬರುತ್ತಾರಾದ್ದರಿಂದ ತಯಾರಕರು ಅದನ್ನು ಮಂದಗೊಳಿಸಿದ್ದಾರೆ. ಇತ್ತೀಚಿನ ಹಲವು ಸಣ್ಣ ಕಾರುಗಳಲ್ಲಂತೂ ಮುಳ್ಳೇ ಇಲ್ಲ. ಎಂಜಿನ್ ತಣ್ಣಗಿರುವಾಗ ಒಂದು ನೀಲಿ ದೀಪ, ಕೈಮೀರಿದ ಮೇಲೆ ಒಂದು ಕೆಂಪು ದೀಪ, ಅಷ್ಟೇ. ಕೆಂಪು ದೀಪ ಹೊತ್ತುವ ಹೊತ್ತಿಗೆ ತಿಳಿದುಕೊಳ್ಳಬೇಕಾದ ಕಾಲ ಕಳೆದು, ಗಾಡಿ ನಿಲ್ಲಿಸಬೇಕಾದ ಕಾಲ ಬಂದಿರುತ್ತದೆ.

ನಿಜವಾದ ಅಂಕಿ ಬೇಕೆಂದರೆ ಅದನ್ನು ಪಡೆಯುವುದು ಕಷ್ಟವೇನಲ್ಲ. ನಮ್ಮ ದೇಶದಲ್ಲಿ 2013ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ಒಬಿಡಿ-2, ಅಂದರೆ ಗಾಡಿ ತನ್ನ ದೋಷಗಳನ್ನು ತಾನೇ ಗುರುತಿಸಿ ತಿಳಿಸುವ ವ್ಯವಸ್ಥೆ ಕಡ್ಡಾಯ. ಸ್ಟಿಯರಿಂಗ್‌ನ ಕೆಳಗೆ, ಕಾಲಿನ ಹತ್ತಿರ, ಹದಿನಾರು ಪಿನ್‌ಗಳ ಒಂದು ಸಾಕೆಟ್ ಇರುತ್ತದೆ. ಅದಕ್ಕೊಂದು ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಮೊಬೈಲ್‌ನಲ್ಲಿ ಅದರ ಆ್ಯಪ್ ತೆರೆದರೆ, ಎಂಜಿನ್‌ನ ಕಂಪ್ಯೂಟರ್ ಸ್ವತಃ ನೋಡುತ್ತಿರುವ ಕೂಲೆಂಟ್ ತಾಪ ನಮಗೂ ಕಾಣುತ್ತದೆ. ಕೂಲೆಂಟ್ ಹರಿಯುವ ದಾರಿಯಲ್ಲಿ ಕೂರಿಸಿರುವ ಬೆರಳ ತುದಿಯಷ್ಟು ಚಿಕ್ಕ ಸೆನ್ಸರ್ ಒಂದರ ವಿದ್ಯುತ್ ರೋಧ ಬಿಸಿ ಏರಿದಂತೆ ಕುಗ್ಗುತ್ತದೆ. ಕಂಪ್ಯೂಟರ್ ಅದನ್ನು ಡಿಗ್ರಿಗೆ ತಿರುಗಿಸಿಕೊಳ್ಳುತ್ತದೆ. ಈ ಅಂಕಿಯನ್ನು ಕಳಿಸುವ ಪದ್ಧತಿಯಲ್ಲಿ ಸೊನ್ನೆ ಎಂದರೆ ಮೈನಸ್ 40 ಡಿಗ್ರಿ ಎಂದು ಲೆಕ್ಕ. ಆದ್ದರಿಂದ ಬೇಸಿಗೆಯ ಮಧ್ಯಾಹ್ನ ನಿಮ್ಮ ಎಂಜಿನ್ ಮೈನಸ್ 40ರಲ್ಲಿದೆ ಎಂದು ಆ್ಯಪ್ ಹೇಳಿದರೆ, ಸೆನ್ಸರ್‌ನ ತಂತಿ ಎಲ್ಲೋ ಕಡಿದಿದೆ ಎಂದು ತಿಳಿಯಬೇಕು. ಇಂಥ ಸಂದರ್ಭದಲ್ಲಿ ಹಲವು ಗಾಡಿಗಳ ಕಂಪ್ಯೂಟರ್ ಮುನ್ನೆಚ್ಚರಿಕೆಯಾಗಿ ಎಂಜಿನ್ ತಂಪು ಮಾಡುವ ಫ್ಯಾನನ್ನು ಬಿಡುವಿಲ್ಲದೆ ಓಡಿಸುತ್ತಿರುತ್ತದೆ.

ಆರೋಗ್ಯವಂತ ಎಂಜಿನ್‌ನ ಅಂಕಿ ಒಂದೇ ಕಡೆ ನಿಲ್ಲುವುದಿಲ್ಲ. ಬೆಳಿಗ್ಗೆ ಗಾಡಿ ಶುರುವಾದಾಗ ಅದು ಹೊರಗಿನ ಗಾಳಿಯಷ್ಟೇ ಇದ್ದು, ಬೇಗ ಬೇಗ ಏರಿ, 82ರಿಂದ 88 ಡಿಗ್ರಿಯ ಸುಮಾರಿಗೆ ಬಂದಾಗ ಏರುವ ವೇಗ ಕಡಿಮೆಯಾಗುತ್ತದೆ. ಥರ್ಮೋಸ್ಟಾಟ್ ವಾಲ್ವಿನೊಳಗಿನ ಮೇಣ ಕರಗಿ ಹಿಗ್ಗಿ, ಕೂಲೆಂಟ್‌ನ ಶಾಖವನ್ನು ಗಾಳಿಗೆ ಚೆಲ್ಲುವ ರೇಡಿಯೇಟರ್‌ಗೆ ದಾರಿ ಬಿಡಲು ತೊಡಗುವುದು ಅಲ್ಲಿ. ಹೆದ್ದಾರಿಯಲ್ಲಿ ಗಾಳಿ ತಾನೇ ನುಗ್ಗುವುದರಿಂದ ಬಹುಪಾಲು ಕಾರುಗಳು 85ರಿಂದ 95ರ ನಡುವೆ ಓಡುತ್ತವೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಯ ದಟ್ಟಣೆಯಲ್ಲಿ ಎಸಿ ಇಲ್ಲದೆ ನಿಂತರೆ ಅಂಕಿ ನಿಧಾನವಾಗಿ ನೂರರ ಹತ್ತಿರ ಬಂದು, ಫ್ಯಾನ್ ತಿರುಗಿದೊಡನೆ ಐದಾರು ಡಿಗ್ರಿ ಇಳಿದು, ಫ್ಯಾನ್ ನಿಂತ ಮೇಲೆ ಮತ್ತೆ ಏರುತ್ತದೆ. ನೂರು ಡಿಗ್ರಿ ಎಂಬುದನ್ನು ಕಂಡೊಡನೆ ನೀರು ಕುದಿಯುತ್ತಿದೆ ಎಂದು ಹೆದರಬೇಕಾಗಿಲ್ಲ. ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದ ಮೇಲೆ ಕೆಲವು ನಿಮಿಷ ಅಂಕಿ ಏರುತ್ತಲೇ ಹೋಗುವುದೂ ಸಹಜವೇ. ಪಂಪ್ ನಿಂತಿರುವುದರಿಂದ ಕಾದ ಲೋಹದ ಶಾಖವೆಲ್ಲ ನಿಂತ ನೀರಿಗೆ ಇಳಿಯುತ್ತಿರುತ್ತದೆ.

ಹೀಗಾಗಿ ನಾನು ಅಂಕಿ ಎಷ್ಟು ಎಂಬುದಕ್ಕಿಂತ ಅದು ಯಾವಾಗ, ಎಲ್ಲಿ ಏರುತ್ತದೆ ಎಂಬುದನ್ನು ಹೆಚ್ಚು ಗಮನಿಸುತ್ತೇನೆ. ಸಿಗ್ನಲ್‌ನಲ್ಲಿ ನಿಂತಾಗ ಏರಿ, ಓಡಲು ತೊಡಗಿದೊಡನೆ ಇಳಿದರೆ ಮೊದಲ ಅನುಮಾನ ಫ್ಯಾನ್, ಅದರ ಫ್ಯೂಸ್ ಅಥವಾ ರಿಲೇ ಮೇಲೆ. ಊರೊಳಗೆ ತೆಪ್ಪಗಿದ್ದು, ಹೆದ್ದಾರಿಯ ವೇಗದಲ್ಲಿ ಅಥವಾ ಏರಿನಲ್ಲಿ ಮಾತ್ರ ಏರುತ್ತ ಹೋದರೆ ಫ್ಯಾನನ್ನು ದೂರಿ ಪ್ರಯೋಜನವಿಲ್ಲ. ಆ ವೇಗದಲ್ಲಿ ಫ್ಯಾನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಲ್ಲಿ ರೇಡಿಯೇಟರ್ ಹೊರಗಡೆಯೋ ಒಳಗಡೆಯೋ ಕಟ್ಟಿಕೊಂಡಿರಬೇಕು, ಇಲ್ಲವೇ ವಾಟರ್ ಪಂಪ್ ಸರಿಯಾಗಿ ತಳ್ಳುತ್ತಿಲ್ಲದಿರಬೇಕು. ಶುರುಮಾಡಿದ ಕೆಲವೇ ನಿಮಿಷಗಳಲ್ಲಿ ಅಂಕಿ ಎಲ್ಲೂ ನಿಲ್ಲದೆ ಮೇಲೇರಿದರೆ ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು. ಹೆದ್ದಾರಿಯಲ್ಲಿ 65–70ರ ಮೇಲೆ ಏರುವುದೇ ಇಲ್ಲವೆಂದರೆ ಅದು ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆ, ಅಥವಾ ಹಿಂದೆ ಯಾರೋ ಅದನ್ನು ಕಿತ್ತೇ ಹಾಕಿದ್ದಾರೆ.

ಈ ಕಿತ್ತುಹಾಕುವ ಪದ್ಧತಿಯ ಬಗ್ಗೆ ನನಗೆ ತೀವ್ರವಾದ ಆಕ್ಷೇಪಣೆಯಿದೆ. ‘ವಾಲ್ವ್ ತೆಗೆದುಬಿಟ್ಟರೆ ಹೀಟ್ ಸಮಸ್ಯೆಯೇ ಇರುವುದಿಲ್ಲ’ ಎಂದು ಹೇಳುವ ಮೆಕ್ಯಾನಿಕ್‌ಗಳು ಪ್ರತಿಯೊಂದು ಊರಿನಲ್ಲೂ ಸಿಗುತ್ತಾರೆ. ವಾಲ್ವ್ ಇಲ್ಲದ ಎಂಜಿನ್ ಬೆಚ್ಚಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಕಂಪ್ಯೂಟರ್ ಹೆಚ್ಚುವರಿ ಇಂಧನ ಸುರಿಯುತ್ತಿರುತ್ತದೆ, ಎಂಜಿನ್ ಆಯಿಲ್‌ನಲ್ಲಿ ಸೇರಿದ ತೇವ ಆವಿಯಾಗಿ ಹೋಗುವುದಿಲ್ಲ, ಮೈಲೇಜ್ ಬೀಳುತ್ತದೆ, ಸವೆತ ಹೆಚ್ಚುತ್ತದೆ. ಕಟ್ಟಿಕೊಂಡ ರೇಡಿಯೇಟರ್‌ನ ಲಕ್ಷಣವನ್ನು ಮರೆಮಾಡಿ, ಕಾಯಿಲೆಯನ್ನು ಇದ್ದಲ್ಲೇ ಬಿಟ್ಟ ಹಾಗಾಗುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದ ಅಂಕಿ ಎಂದರೆ ಏರುತ್ತ ಏರುತ್ತ ಹೋಗಿ ಥಟ್ಟನೆ ಕೆಳಗೆ ಬೀಳುವುದು. ಬಾನೆಟ್ ಸಂದಿನಿಂದ ಹಬೆ ಬರುತ್ತಿದ್ದರೂ ಮುಳ್ಳು ತಣ್ಣಗಿದೆ ಎಂದು ತೋರಿಸಿದರೆ, ಕೂಲೆಂಟ್ ಸೋರಿಹೋಗಿ ಸೆನ್ಸರ್ ಬರಿಯ ಗಾಳಿಯಲ್ಲಿ ಕುಳಿತಿದೆ ಎಂದು ಅರ್ಥ. ನೀರಿಲ್ಲದ ಕಡೆ ನೀರಿನ ತಾಪ ಅಳೆಯುವುದಕ್ಕೆ ಏನೂ ಇರುವುದಿಲ್ಲ. (1912ರ ಸುಮಾರಿಗೆ ಅಮೆರಿಕದಲ್ಲಿ ಬಳಕೆಗೆ ಬಂದ ಬಾಯ್ಸ್ ಮೋಟೋಮೀಟರ್ ರೇಡಿಯೇಟರ್ ಮುಚ್ಚಳದ ಮೇಲೆಯೇ ನಿಲ್ಲಿಸುವ ಥರ್ಮಾಮೀಟರ್ ಆಗಿತ್ತು. ಚಾಲಕ ಕುಳಿತಲ್ಲಿಂದಲೇ ಬಾನೆಟ್‌ನ ತುದಿಯಲ್ಲಿ ಅದನ್ನು ನೋಡಬೇಕಿತ್ತು. ಅದು ಅಳೆಯುತ್ತಿದ್ದದ್ದು ನೀರಿನ ಮೇಲೆ ನಿಂತ ಆವಿಯ ತಾಪವನ್ನು. ಆ ಮಟ್ಟಿಗೆ ಅದು ಇಂದಿನ ಸೆನ್ಸರ್‌ಗಿಂತ ಒಂದು ವಿಷಯದಲ್ಲಿ ಮೇಲೆಂದು ನನಗೆ ಅನ್ನಿಸಿದೆ.)

ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಲಾರಿಗಳ ಹಿಂದೆ ತೆವಳುತ್ತ ಹತ್ತುವಾಗ ಅಂಕಿ 110 ದಾಟಿದರೆ ಮೊದಲು ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋಯರನ್ನು ಗರಿಷ್ಠಕ್ಕೆ ಇಟ್ಟು ಕಿಟಕಿ ಇಳಿಸಬೇಕು. ಒಳಗಿದ್ದವರಿಗೆ ಬೆವರು ಕಿತ್ತುಕೊಂಡು ಬರುತ್ತದೆ, ನಿಜ. ಆದರೆ ಹೀಟರ್‌ನೊಳಗೂ ಒಂದು ಪುಟ್ಟ ರೇಡಿಯೇಟರ್ ಇರುವುದರಿಂದ ಎಂಜಿನ್‌ಗೆ ಅಷ್ಟು ಶಾಖ ಕಡಿಮೆಯಾಗುತ್ತದೆ. ಸುರಕ್ಷಿತವಾದ ಜಾಗ ಸಿಕ್ಕಿದೊಡನೆ ಬದಿಗೆ ನಿಲ್ಲಿಸಬೇಕು. ಹಬೆ ಇಲ್ಲದೆ, ಸೋರಿಕೆಯೂ ಕಾಣದೆ, ಫ್ಯಾನ್ ತಿರುಗುತ್ತಿದ್ದರೆ ಎಂಜಿನನ್ನು ಐಡ್ಲಿಂಗ್‌ನಲ್ಲಿ ಬಿಟ್ಟು ಅಂಕಿ ಇಳಿಯುತ್ತದೆಯೇ ಎಂದು ನೋಡಬಹುದು. ಹಬೆ ಕಂಡರೆ, ಕೆಂಪು ದೀಪ ಹೊತ್ತಿದರೆ ಅಥವಾ ಅಂಕಿ ಇನ್ನೂ ಏರಿದರೆ ತಕ್ಷಣ ಆರಿಸಬೇಕು. ರೇಡಿಯೇಟರ್‌ನ ಮುಚ್ಚಳಕ್ಕೆ ಆಗ ಕೈ ಹಾಕಲೇಬಾರದು. ಮೇಲಿನ ದಪ್ಪ ಹೋಸ್ ಮುಟ್ಟುವಷ್ಟು ತಣ್ಣಗಾಗಿ, ಅದುಮಿದರೆ ಮೆತ್ತಗೆ ಒಳಹೋಗುವವರೆಗೆ, ಅಂದರೆ ಮುಕ್ಕಾಲು ಗಂಟೆಯಾದರೂ ಕಾಯಬೇಕು. ಕಾದ ಎಂಜಿನ್ ಮೇಲೆ ತಣ್ಣೀರು ಎರಚುವ ರೂಢಿ ಎಂಜಿನ್‌ನ ಮೇಲ್ಭಾಗದ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗಲು ಸುಲಭದ ದಾರಿ.

ಆ ಮುಚ್ಚಳದ ವಿಷಯಕ್ಕೆ ಬಂದರೆ, ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗವಾದ, ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದ ಭಾಗ ಅದು. ಅದು ಕುಕ್ಕರ್‌ನ ವಿಷಲ್ ಇದ್ದ ಹಾಗೆ: ಒಳಗೆ ನಿಗದಿತ ಒತ್ತಡ ಬರುವವರೆಗೆ ಬಿಡುವುದಿಲ್ಲ. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಮೇಲೆ 0.9 ಎಂದು ಮುದ್ರಿಸಿದ್ದರೆ ಅದು ಹೊರಗಿನ ಗಾಳಿಗಿಂತ 0.9 ಬಾರ್ ಹೆಚ್ಚು ಒತ್ತಡವನ್ನು ತಡೆಯುತ್ತದೆ. ಆ ಒತ್ತಡದಲ್ಲಿ ಬರಿಯ ನೀರು ಸಹ ಬೆಂಗಳೂರಿನಲ್ಲಿ 117ರ ಹತ್ತಿರದವರೆಗೆ ಕುದಿಯುವುದಿಲ್ಲ, ಕೂಲೆಂಟ್‌ನ ಮುಖ್ಯ ಅಂಶವಾದ ಗ್ಲೈಕಾಲ್ ಅರ್ಧ ಪಾಲು ಇದ್ದರೆ ಇನ್ನೂ ಆರೇಳು ಡಿಗ್ರಿ ತಡೆದುಕೊಳ್ಳುತ್ತದೆ. ಮುಚ್ಚಳದ ರಬ್ಬರ್ ವಾಷರ್ ಬಿರಿದು ಒತ್ತಡ ನಿಲ್ಲದಾದರೆ, ಬರಿಯ ನೀರು ತುಂಬಿದ ಗಾಡಿ ತನ್ನ ಸಹಜವಾದ ನೂರು ಡಿಗ್ರಿಯಲ್ಲೇ ಉಕ್ಕಿ ಬರಬೇಕಾಗುತ್ತದೆ. ರೇಡಿಯೇಟರ್ ಬದಲಾಯಿಸಲು ಅಂದಾಜು ಪಟ್ಟಿ ಹಾಕಿಸುವ ಮೊದಲು ಒಂದು ಹೊಸ ಮುಚ್ಚಳ ಹಾಕಿ ನೋಡುವುದು ಜಾಣತನ.

ಇನ್ನು ಹೊರಗಿನ ಹವೆ. ಸುಟ್ಟ ಇಂಧನದ ಶಕ್ತಿಯಲ್ಲಿ ಸರಿಸುಮಾರು ಮೂರನೆಯ ಒಂದು ಭಾಗ ಕೂಲೆಂಟ್ ಮೂಲಕವೇ ಹೊರಹೋಗಬೇಕು, ಮತ್ತು ರೇಡಿಯೇಟರ್ ಎಷ್ಟು ಶಾಖ ಚೆಲ್ಲಬಲ್ಲದು ಎಂಬುದು ಅದಕ್ಕೂ ಹೊರಗಿನ ಗಾಳಿಗೂ ಇರುವ ತಾಪದ ಅಂತರವನ್ನು ಅವಲಂಬಿಸಿದೆ. ಕೂಲೆಂಟ್ 95ರಲ್ಲಿದ್ದು ಗಾಳಿ 25ರಲ್ಲಿದ್ದರೆ ಅಂತರ 70. ಮೇ ತಿಂಗಳ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಗಾಳಿಯೇ 42ಕ್ಕೆ ಏರಿದರೆ ಅಂತರ 53ಕ್ಕೆ ಇಳಿಯುತ್ತದೆ. ಎಸಿ ಹಾಕಿದ್ದರೆ, ರೇಡಿಯೇಟರ್‌ನ ಮುಂದೆಯೇ ನಿಂತು ಎಸಿಯ ಶಾಖವನ್ನು ಹೊರಚೆಲ್ಲುವ ಕಂಡೆನ್ಸರ್ ಅದೇ ಗಾಳಿಯನ್ನು ಮೊದಲೇ ಕಾಯಿಸಿ ಹಿಂದಕ್ಕೆ ಕಳಿಸುತ್ತದೆ. ಅದರಿಂದ ಹತ್ತು ಡಿಗ್ರಿ ಏರಿತೆಂದು ಇಟ್ಟುಕೊಂಡರೂ ಉಳಿಯುವುದು 43. ಅಂದರೆ ಚಳಿಗಾಲದ ಬೆಳಗಿಗೆ ಹೋಲಿಸಿದರೆ ರೇಡಿಯೇಟರ್‌ನ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಕೈಯಲ್ಲಿದೆ. ತಯಾರಕರು ಇದನ್ನೆಲ್ಲ ಲೆಕ್ಕ ಹಾಕಿಯೇ ರೇಡಿಯೇಟರ್ ಕೊಟ್ಟಿರುತ್ತಾರೆ. ಆದರೆ ಅವರ ಲೆಕ್ಕ ಶುಚಿಯಾದ ರೇಡಿಯೇಟರ್‌ನದು.

ನಮ್ಮ ತುಮಕೂರು, ಕುಣಿಗಲ್, ನಾಗಮಂಗಲ, ಚನ್ನರಾಯಪಟ್ಟಣದ ಕಡೆ ಓಡಾಡುವವರಿಗೆ ರಸ್ತೆಯ ಮೇಲಿನ ಒಕ್ಕಣೆ ಹೊಸದಲ್ಲ. ಕಣ ಮಾಡುವ ಶ್ರಮ ಉಳಿಯುತ್ತದೆಂದು ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ರಾಗಿ ತೆನೆಯನ್ನೂ ಹುರುಳಿಯನ್ನೂ ಡಾಂಬರಿನ ಮೇಲೆ ಹರಡುತ್ತಾರೆ. ವಾಹನಗಳೇ ತುಳಿದು ಕಾಳು ಬಿಡಿಸಿ ಕೊಡುತ್ತವೆ. ಹುರುಳಿ ಬಳ್ಳಿ ಚಕ್ರದ ಆಕ್ಸಲ್‌ಗೆ ಸುತ್ತಿಕೊಂಡು ಬಿಸಿಯಾಗಿ ಕಾರು ಹೊತ್ತಿ ಉರಿದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದಿರುತ್ತೇವೆ. ಬೆಂಕಿ ಹೊತ್ತದಿದ್ದರೂ ಆಗುವ ಇನ್ನೊಂದು ಕೆಲಸವನ್ನು ಯಾರೂ ಗಮನಿಸುವುದಿಲ್ಲ. ಮುಂದಿನ ಗಾಡಿ ಎಬ್ಬಿಸಿದ ಹೊಟ್ಟು ಗ್ರಿಲ್‌ನ ಮೂಲಕ ನುಗ್ಗಿ, ಕಂಡೆನ್ಸರ್‌ನ ಅಂಚಿನಿಂದ ಜಾರಿ, ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಇರುವ ಒಂದೆರಡು ಬೆರಳಗಲದ ಸಂದಿನಲ್ಲಿ ಕೂರುತ್ತದೆ. ಅದಕ್ಕೆ ಬೇಸಿಗೆಯಲ್ಲಿ ಬೂರುಗದ ಹತ್ತಿ, ಮುಂಗಾರಿನ ಮೊದಲ ಮಳೆಯ ನಂತರ ದೀಪಕ್ಕೆ ಮುಗಿಬೀಳುವ ರೆಕ್ಕೆ ಗೆದ್ದಲು, ವರ್ಷವಿಡೀ ಕೆಂಪು ಧೂಳು ಸೇರಿ, ಮಳೆನೀರಿನಲ್ಲಿ ನೆನೆದು ಒಣಗಿ, ಕಂಬಳಿಯ ತುಂಡಿನಂಥ ಒಂದು ಪದರ ಏಳುತ್ತದೆ. ಎದುರಿನಿಂದ ನೋಡಿದರೆ ಕಂಡೆನ್ಸರ್ ಥಳಥಳ ಹೊಳೆಯುತ್ತಿರುತ್ತದೆ. ಹಿಂದಿನಿಂದ ನೋಡಿದರೆ ಫ್ಯಾನ್‌ನ ಹೊದಿಕೆ ಅಡ್ಡ ಬರುತ್ತದೆ. ಹೀಗಾಗಿ ನಾಲ್ಕಾರು ವರ್ಷ ತಪ್ಪದೆ ಸರ್ವೀಸ್ ಮಾಡಿಸಿದ ಗಾಡಿಯಲ್ಲೂ ಈ ಪದರ ಹಾಗೆಯೇ ಉಳಿದುಕೊಂಡಿರುತ್ತದೆ.

ಅದನ್ನು ಪತ್ತೆಹಚ್ಚಲು ನಮ್ಮೂರಿನ ಒಬ್ಬ ಹಿರಿಯ ಮೆಕ್ಯಾನಿಕ್ ಮಾಡುವುದನ್ನು ನೋಡಿ ಕಲಿತ ಉಪಾಯ ಸರಳವಾಗಿದೆ. ಕತ್ತಲಾದ ಮೇಲೆ ಮೇಲಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ, ಸಂದಿನೊಳಕ್ಕೆ ಒಂದು ತೆಳುವಾದ ಎಲ್‌ಇಡಿ ಪಟ್ಟಿಯನ್ನು ಇಳಿಬಿಟ್ಟು, ಎಂಜಿನ್ ಕಡೆಯಿಂದ ರೇಡಿಯೇಟರನ್ನು ನೋಡಬೇಕು. ಶುಚಿಯಾದ ಕಡೆ ಬೆಳಕು ಜರಡಿಯಿಂದ ಬಂದಂತೆ ಸಣ್ಣಸಣ್ಣಗೆ ತೂರಿ ಬರುತ್ತದೆ, ಕಟ್ಟಿದ ಕಡೆ ಕತ್ತಲೆ. ನನ್ನ ಗಾಡಿಯಲ್ಲಿ ಕೆಳಗಿನ ಮೂರನೆಯ ಒಂದು ಭಾಗ ಪೂರ್ತಿ ಕಪ್ಪಾಗಿತ್ತು, ಮತ್ತು ಅಲ್ಲಿಂದ ಆತ ಇಕ್ಕುಳದಲ್ಲಿ ಎಳೆದ ಮೊದಲ ಉಂಡೆಯಲ್ಲಿ ನಾಲ್ಕೈದು ಹುರುಳಿ ಕಾಳು ಮೊಳಕೆಯೊಡೆದು ಒಣಗಿಹೋಗಿದ್ದವು.

ತೊಳೆಯುವ ಕೆಲಸವನ್ನು ತಣ್ಣಗಿನ ಎಂಜಿನ್‌ನಲ್ಲೇ ಮಾಡಬೇಕು. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗುವುದುಂಟು, ಆದ್ದರಿಂದ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚದೆ ಅಲ್ಲಿ ಬೆರಳು ಇಡಬಾರದು. ಆಲ್ಟರ್ನೇಟರ್ ಮತ್ತು ತೆರೆದ ಕನೆಕ್ಟರ್‌ಗಳ ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿ, ಫ್ಯಾನನ್ನು ಹೊದಿಕೆ ಸಮೇತ ಇಳಿಸಿಕೊಂಡರೆ ರೇಡಿಯೇಟರ್‌ನ ಬೆನ್ನು ಕಾಣುತ್ತದೆ. ನೀರನ್ನು ಆ ಬೆನ್ನಿನ ಕಡೆಯಿಂದ, ಅಂದರೆ ಎಂಜಿನ್ ಕಡೆಯಿಂದ ಮುಂದಕ್ಕೆ ಬಿಡಬೇಕು. ಕಸ ಗಾಳಿಯ ಜೊತೆ ಮುಂದಿನಿಂದ ಬಂದು ಸಿಕ್ಕಿಕೊಂಡಿದೆ. ಮುಂದಿನಿಂದಲೇ ನೀರು ಹೊಡೆದರೆ ಅದು ಇನ್ನಷ್ಟು ಆಳಕ್ಕೆ ಹೋಗಿ ಬಿಗಿಯುತ್ತದೆ. ಕೈತೋಟಕ್ಕೆ ನೀರು ಬಿಡುವ ಪೈಪಿನ ಒತ್ತಡ ಸಾಕು. ವಾಟರ್ ಸರ್ವೀಸ್ ಅಂಗಡಿಗಳ ಗನ್‌ಗಳಲ್ಲಿ ನೂರು ಬಾರ್‌ಗೂ ಮೀರಿದ ಒತ್ತಡ ಇರುವುದುಂಟು. ಅಲ್ಯುಮಿನಿಯಂ ಫಿನ್‌ಗಳು (ಗಾಳಿಗೆ ಶಾಖ ಬಿಡುವ ರೆಕ್ಕೆಗಳು) ಕಾಗದದಷ್ಟು ತೆಳ್ಳಗಿರುವುದರಿಂದ ಒಂದೇ ಸಲಕ್ಕೆ ಅಂಗೈಯಗಲದ ಭಾಗ ಮಲಗಿಬಿಡುತ್ತದೆ, ಮಲಗಿದ ಫಿನ್‌ಗಳ ನಡುವೆ ಗಾಳಿ ಹೋಗುವುದಿಲ್ಲ. ಧೂಳಿನ ಜೊತೆ ಜಿಡ್ಡಿದ್ದರೆ ಪಾತ್ರೆ ತೊಳೆಯುವ ಸೋಪಿನ ತೆಳು ನೀರನ್ನು ಸಿಂಪಡಿಸಿ ಹತ್ತು ನಿಮಿಷ ಬಿಟ್ಟು, ಮೆತ್ತನೆಯ ಬ್ರಶ್‌ನಿಂದ ಫಿನ್‌ಗಳ ಉದ್ದಕ್ಕೆ ಮಾತ್ರ ಎಳೆಯಬೇಕು, ಅಡ್ಡಕ್ಕಲ್ಲ. ಕಾಸ್ಟಿಕ್ ಇರುವ ಕ್ಲೀನರ್‌ಗಳೂ ಆ್ಯಸಿಡ್‌ಗಳೂ ಅಲ್ಯುಮಿನಿಯಂ ಅನ್ನು ತಿನ್ನುತ್ತವೆ. ಮಳೆಗಾಲಕ್ಕೆ ಮುಂಚೆ ಗಾಡಿಯ ತಳಕ್ಕೆ ಆಯಿಲ್ ಸ್ಪ್ರೇ ಹೊಡೆಸುವವರು ಅದರ ತುಂತುರು ರೇಡಿಯೇಟರ್ ಮೇಲೆ ಬೀಳದಂತೆ ನಿಂತು ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಆ ಜಿಡ್ಡಿಗೆ ಅಂಟಿದ ಧೂಳು ಬರಿಯ ನೀರಿಗೆ ಬಿಡುವುದಿಲ್ಲ. ಸಂದಿನಿಂದ ಕೆಳಗೆ ಬರುವ ನೀರು ತಿಳಿಯಾಗುವವರೆಗೆ ಬಿಡುತ್ತಲೇ ಇರಬೇಕು. ಮೊದಲು ಬರುವುದು ಗಾರೆಯಂಥ ಕೆಂಪು ರಾಡಿ.

ಒಳಗಿನ ಶುಚಿತ್ವದ ಮಾತು ಬೇರೆ. ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಪಾವಗಡದಂಥ ಕಡೆಗಳಲ್ಲಿ ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರ್‌ಗೆ ಸುರಿಯುವುದೆಂದರೆ, ಸ್ನಾನದ ಗೀಸರ್‌ನಲ್ಲಿ ಕಟ್ಟುವ ಬಿಳಿ ಸುಣ್ಣವನ್ನೇ ಎಂಜಿನ್‌ನ ಒಳಗೆ ಬರಮಾಡಿಕೊಂಡ ಹಾಗೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ ಕೂಲೆಂಟ್ ಬೆರೆಸಬೇಕು, ಇಲ್ಲವೇ ಬೆರೆಸಿಯೇ ಬರುವುದನ್ನು ಕೊಳ್ಳಬೇಕು. ಬರಿಯ ನೀರು ಶಾಖವನ್ನು ಕೂಲೆಂಟ್‌ಗಿಂತ ಚೆನ್ನಾಗಿಯೇ ಹೊರುತ್ತದೆ. ಆದರೆ ತುಕ್ಕನ್ನೂ ಸುಣ್ಣವನ್ನೂ ತಡೆಯುವ ಶಕ್ತಿ ಅದಕ್ಕಿಲ್ಲ. ಹಸಿರು, ಕೆಂಪು, ನೀಲಿ ಎಂಬ ಬಣ್ಣಗಳು ಯಾವ ಮಾನದಂಡಕ್ಕೂ ಕಟ್ಟುಬಿದ್ದಿಲ್ಲವಾದ್ದರಿಂದ ಬಣ್ಣ ನೋಡಿ ಬೆರೆಸದೆ ಮಾಲೀಕರ ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ತರಬೇಕು. ಹಳೆಯ ತಾಮ್ರ-ಹಿತ್ತಾಳೆಯ ರೇಡಿಯೇಟರ್‌ಗಳ ತೊಟ್ಟಿಯನ್ನು ಬೆಸುಗೆ ಬಿಚ್ಚಿ, ಕೊಳವೆಗಳಲ್ಲಿ ಕಂಬಿ ಆಡಿಸಿ ಮತ್ತೆ ಬೆಸೆಯುತ್ತಿದ್ದರು. ಈಗಿನ ಅಲ್ಯುಮಿನಿಯಂ ಕೋರ್ ಮತ್ತು ಪ್ಲಾಸ್ಟಿಕ್ ತೊಟ್ಟಿಯ ರೇಡಿಯೇಟರ್ ಅದಕ್ಕೆ ಒಗ್ಗುವುದಿಲ್ಲ; ಒಳಗೆ ಕಟ್ಟಿದ್ದು ಫ್ಲಶ್‌ಗೆ ಬಿಡದಿದ್ದರೆ ಬದಲಾಯಿಸುವುದೇ ಸರಿ. ಹೊರತೆಗೆದ ಹಳೆಯ ಕೂಲೆಂಟ್ ಸಿಹಿಯಾಗಿರುತ್ತದೆ ಮತ್ತು ವಿಷ. ಅದನ್ನು ಅಂಗಳದಲ್ಲಿ ತೆರೆದ ಬೇಸಿನ್‌ನಲ್ಲಿ ಬಿಟ್ಟರೆ ಬೀದಿನಾಯಿ ನೆಕ್ಕಿ ಸಾಯುವ ಅಪಾಯ ನಿಜವಾದದ್ದು. ಮುಚ್ಚಿದ ಕ್ಯಾನ್‌ನಲ್ಲಿ ತುಂಬಿ, ಹಳೆಯ ಎಂಜಿನ್ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು.

ತೊಳೆದದ್ದು ಫಲ ಕೊಟ್ಟಿತೇ ಎಂದು ತಿಳಿಯಲು ಒಂದೇ ಏರನ್ನು ತೊಳೆಯುವ ಮುಂಚೆಯೂ ಆಮೇಲೆಯೂ ಹತ್ತಿ ನೋಡಬೇಕು. ನನಗೆ ಹತ್ತಿರವಾದದ್ದು ದೇವರಾಯನದುರ್ಗದ ಏರು. ಎರಡನೆಯ ಗೇರು, ಎಸಿ ಚಾಲೂ, ಮಧ್ಯಾಹ್ನದ ಹೊತ್ತು ಎಂದು ಎಲ್ಲವನ್ನೂ ಒಂದೇ ರೀತಿ ಇಟ್ಟುಕೊಂಡಾಗ, ಹೊಟ್ಟು ತೆಗೆಯುವ ಮೊದಲು ಮೇಲಿನ ತಿರುವಿಗೆ ಬರುವಷ್ಟರಲ್ಲಿ 106 ತೋರಿಸುತ್ತಿದ್ದ ಅಂಕಿ ಈಗ 98, 99ರಲ್ಲಿ ನಿಲ್ಲುತ್ತದೆ, ಮತ್ತು ಮೇಲೆ ನಿಲ್ಲಿಸಿದ ಮೇಲೆ ಫ್ಯಾನ್ ಬಹಳ ಹೊತ್ತು ಕೂಗುವುದಿಲ್ಲ. ಡ್ಯಾಶ್‌ಬೋರ್ಡಿನ ಮುಳ್ಳು ಮಾತ್ರ ಎರಡು ಸಲವೂ ನಡುವೆಯೇ ಇತ್ತು. ಹೊರಗೆ ಹೀಗೆ ತೊಳೆದ ಮೇಲೂ ಏರಿನಲ್ಲಿ ಅಂಕಿ ಮೊದಲಿಗಿಂತ ಇಳಿಯದಿದ್ದರೆ, ಬಿಸಿಯಾದ ರೇಡಿಯೇಟರ್‌ನ ಮೈಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಆಡಿಸಿದಾಗ ನಡುನಡುವೆ ತಣ್ಣನೆಯ ಪಟ್ಟಿಗಳು ಸಿಗುತ್ತವೆಯೇ ನೋಡಬೇಕು. ಸಿಕ್ಕರೆ ಆ ಕೊಳವೆಗಳಲ್ಲಿ ನೀರು ಹರಿಯುತ್ತಿಲ್ಲ. ಅದೂ ಇಲ್ಲದೆ ಕೂಲೆಂಟ್ ಡಬ್ಬಿಯಲ್ಲಿ ಎಂಜಿನ್ ಓಡುತ್ತಿರುವಾಗ ಗುಳ್ಳೆಗಳು ಏಳುತ್ತಲೇ ಇದ್ದರೆ, ಅದು ರೇಡಿಯೇಟರ್‌ನ ಪ್ರಶ್ನೆಯೇ ಅಲ್ಲ, ಹೆಡ್‌ಗೂ ಅದರ ಕೆಳಗಿನ ಎಂಜಿನ್ ಬ್ಲಾಕಿಗೂ ನಡುವೆ ಸೋರದಂತೆ ಕೂರಿಸುವ ಹೆಡ್ ಗ್ಯಾಸ್ಕೆಟ್‌ನದು. ಆ ಗಾಡಿಯನ್ನು ಓಡಿಸಿಕೊಂಡು ಹೋಗದೆ ಟೋಯಿಂಗ್ ಮಾಡಿಸಿಯೇ ಗ್ಯಾರೇಜಿಗೆ ಸೇರಿಸಬೇಕು.